ಹೆಸರಿನ ಜಾಗದಲ್ಲಿ ಚೌಕಗಳು: ಒಂದು ಗಣಕ ಪಾಠದ ಅವಲೋಕನ

ಬೋಧನಾಭ್ಯಾಸದ ಮೂರನೆಯ ವಾರ ಒಂಬತ್ತನೆಯ ತರಗತಿಗೆ ‘ಸರ್ವರ್‌ನಲ್ಲಿ ವೆಬ್ ಪುಟವನ್ನು ಪಿಡಿಎಫ್ ಮಾಡುವುದು’ ಎಂಬ ಪಾಠ ತೆಗೆದುಕೊಂಡೆ. ಪ್ರೇರಣೆಗೆಂದು ಮಕ್ಕಳ ಹೆಸರುಗಳಿದ್ದ ಪ್ರಶಂಸಾಪತ್ರದ ಪುಟವೊಂದನ್ನು ಸಿದ್ಧಪಡಿಸಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಕ್ರೋಮ್ ಬ್ರೌಸರ್ ಪರದೆಯಿಲ್ಲದೆಯೂ ಕೆಲಸ ಮಾಡುತ್ತದೆ. 2017ರಿಂದ ಈ ಸೌಲಭ್ಯವಿದೆ. ಹಾಗೆ ಸರ್ವರ್‌ನಲ್ಲಿ ಪಿಡಿಎಫ್ ಮಾಡಿದಾಗ ಹೆಸರಿನ ಜಾಗದಲ್ಲಿ ಬರೀ ಚೌಕಗಳು!

“ಟೀಚರ್, ನನ್ನ ಹೆಸರೇ ಇಲ್ಲ” ಎಂದಳು ಮುಂದಿನ ಬೆಂಚಿನ ಹುಡುಗಿ.

ಪಾಠಯೋಜನೆಯನ್ನು ಪಕ್ಕಕ್ಕಿಟ್ಟು ಕೇಳಿದೆ: “ಪುಟ ಒಂದೇ, ಯಂತ್ರ ಎರಡು. ವ್ಯತ್ಯಾಸ ಎಲ್ಲಿದೆ?”

“ಅಲ್ಲಿ ಕನ್ನಡ ಫಾಂಟ್ ಇಲ್ಲವೇನೋ” ಎಂದ ಹಿಂದಿನಿಂದ ಒಬ್ಬ.

ಎಫ್‌ಸಿ-ಲಿಸ್ಟ್ ಆಜ್ಞೆ ಕೊಟ್ಟು ನೋಡಿದೆವು. ಕನ್ನಡದ್ದು ಒಂದೂ ಇರಲಿಲ್ಲ. ಕಪ್ಪುಹಲಗೆಯ ಮೇಲೆ ‘ಕ = 3221’ ಎಂದು ಬರೆದೆ. ಪುಟದಲ್ಲಿರುವುದು ಅಕ್ಷರದ ಯೂನಿಕೋಡ್ ಸಂಖ್ಯೆ ಮಾತ್ರ; ಪುಟದೊಡನೆ ಫಾಂಟ್ ಕಳಿಸದಿದ್ದರೆ, ರೂಪ ಕೊಡುವುದು ಪರಿವರ್ತಿಸುವ ಯಂತ್ರದಲ್ಲಿರುವ ಫಾಂಟ್. ನೋಟೋ ಸಾನ್ಸ್ ಕನ್ನಡ ಸ್ಥಾಪಿಸಿ ಮತ್ತೆ ಪರಿವರ್ತಿಸಿದೆವು. ಒತ್ತಕ್ಷರ ಸಮೇತ ಹೆಸರುಗಳು ಮೂಡಿದವು. ಫಾಂಟ್ ಪಿಡಿಎಫ್‌ನೊಳಗೇ ಸೇರಿಕೊಂಡಿದ್ದರಿಂದ ಬೇರೆ ಯಂತ್ರದಲ್ಲಿ ತೆರೆದಾಗಲೂ ಹಾಗೆಯೇ ಇದ್ದವು.

ಸ್ವಾವಲೋಕನ: ಮೊದಲೇ ಸರ್ವರ್‌ನಲ್ಲಿ ಪರೀಕ್ಷಿಸದಿದ್ದುದು ನನ್ನ ತಪ್ಪು. ಸಮಯ ಮೀರಿ ಮೌಲ್ಯಮಾಪನದ ಎರಡು ಪ್ರಶ್ನೆಗಳು ಉಳಿದವು. ಆದರೆ ಕಾರಣವನ್ನು ಮಕ್ಕಳೇ ಕಂಡುಕೊಂಡರು. ಮುಂದೆ ಈ ಪಾಠ ಮಾಡುವ ಗೆಳೆಯರು ಚೌಕಗಳನ್ನು ಬೇಕೆಂದೇ ಮೊದಲು ತೋರಿಸಲಿ. ತನ್ನ ಹೆಸರು ಕಾಣದ ಮಗು ಕಾರಣ ಕೇಳದೆ ಬಿಡುವುದಿಲ್ಲ.