ಬಿಸಿಯೂಟದ ತಟ್ಟೆ ತೂಗಿ ನೋಡಿ: ಮಕ್ಕಳಿಗೆ ಹಸಿವಿನ ಪಾಠ ಹೀಗೆ ಮಾಡಿಸಬಹುದು

ಅಕ್ಟೋಬರ್ 16ರ ವಿಶ್ವ ಆಹಾರ ದಿನ ಬಂತೆಂದರೆ ಶಾಲೆಗಳಲ್ಲಿ ಭಾಷಣ, ಚಿತ್ರಸ್ಪರ್ಧೆ, ‘ಅನ್ನ ಚೆಲ್ಲಬೇಡಿ’ ಎಂಬ ಘೋಷಣೆ. ಮಾತು ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಊರಿನ ಹಸಿವಿಗೆಲ್ಲ ತಟ್ಟೆಯಲ್ಲಿ ಅನ್ನ ಬಿಡುವ ಮಕ್ಕಳೇ ಕಾರಣ ಎಂದು ಹೇಳಿಕೊಟ್ಟಂತಾಗುತ್ತದೆ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಲೆಕ್ಕ ಬರುತ್ತದೆ, ಅರ್ಜಿ ಬರೆಯಲು ಬರುತ್ತದೆ, ಅನ್ಯಾಯ ಕಂಡರೆ ಸಿಟ್ಟೂ ಬರುತ್ತದೆ. ಈ ಮೂರನ್ನೂ ಬಳಸಿಕೊಂಡು ಎರಡು ವಾರಗಳಲ್ಲಿ ಮಾಡಿಸಬಹುದಾದ ಕೆಲಸ ಇಲ್ಲಿದೆ.

ಮೊದಲು, ಮಾಡಬಾರದ್ದು

‘ಬೆಳಿಗ್ಗೆ ತಿಂಡಿ ತಿನ್ನದೆ ಬಂದವರು ಕೈ ಎತ್ತಿ’ ಎಂದು ಕೇಳಲೇಬೇಡಿ. ಕೈ ಎತ್ತಬೇಕಾದ ಮಗು ಎತ್ತುವುದಿಲ್ಲ. ಎತ್ತಿದರೆ ಉಳಿದವರು ಅದನ್ನು ವರ್ಷವಿಡೀ ಮರೆಯುವುದಿಲ್ಲ. ಯಾರ ಮನೆಯಲ್ಲಿ ಯಾವ ಪಡಿತರ ಕಾರ್ಡಿದೆ ಎಂಬ ವಿಚಾರಣೆಯೂ ಬೇಡ. ಲೆಕ್ಕಕ್ಕೆ ಒಂದು ಕಾಲ್ಪನಿಕ ಸಂಸಾರ ಸಾಕು: ಅಜ್ಜಿ, ಗಾರೆ ಕೆಲಸದ ಅಪ್ಪ, ಕೂಲಿಗೆ ಹೋಗುವ ಅಮ್ಮ, ಮೂವರು ಮಕ್ಕಳು.

ತಟ್ಟೆಯ ಲೆಕ್ಕ

ಆರರಿಂದ ಎಂಟನೇ ತರಗತಿಯ ಒಂದು ಮಗುವಿನ ಬಿಸಿಯೂಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಎಂಬುದು ನಿಯಮ. ಇವನ್ನು ಬೇಯಿಸುವ ಮೊದಲಿನ ತೂಕದಲ್ಲಿ ಅಡುಗೆಕೋಣೆಯ ತಕ್ಕಡಿಯಲ್ಲೇ ತೂಗಿಸಿ, ನಾಲ್ಕು ಬಟ್ಟಲುಗಳಲ್ಲಿ ಹಾಕಿ ಮೇಜಿನ ಮೇಲಿಡಿ. ‘ಇಷ್ಟೇನಾ?’ ಎನ್ನುವವರೂ ‘ಇಷ್ಟೊಂದಾ?’ ಎನ್ನುವವರೂ ಒಂದೇ ತರಗತಿಯಲ್ಲಿ ಸಿಗುತ್ತಾರೆ.

ಇನ್ನು ಕಪ್ಪುಹಲಗೆಗೆ ಬನ್ನಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಈ ಊಟದಲ್ಲಿ 700 ಕಿಲೊಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಇರಬೇಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲೊರಿ, ಏಳೆಂಟು ಗ್ರಾಂ ಪ್ರೋಟೀನ್ ಇರುತ್ತದೆ. ಅಷ್ಟೇ ತೊಗರಿಬೇಳೆಯಲ್ಲಿ ಸುಮಾರು 335 ಕಿಲೊಕ್ಯಾಲೊರಿ, 22 ಗ್ರಾಂ ಪ್ರೋಟೀನ್. ಎಣ್ಣೆಯ ಒಂದು ಗ್ರಾಮಿಗೆ 9 ಕಿಲೊಕ್ಯಾಲೊರಿ. ಮಕ್ಕಳೇ ಗುಣಿಸಿ ಕೂಡಲಿ. ತರಕಾರಿಯನ್ನೂ ಸೇರಿಸಿದರೆ ಕ್ಯಾಲೊರಿ 700 ದಾಟುತ್ತದೆ, ಪ್ರೋಟೀನ್ ಮಾತ್ರ 20ರ ಅಂಚಿಗೆ ಬಂದು ನಿಲ್ಲುತ್ತದೆ.

ಈಗ ಬೇಳೆಯನ್ನು ಅರ್ಧಕ್ಕಿಳಿಸಿ ಮತ್ತೆ ಕೂಡಲು ಹೇಳಿ. ಕಡಿಮೆಯಾಗುವುದು ಐವತ್ತೇ ಕಿಲೊಕ್ಯಾಲೊರಿ, ಆದರೆ ಪ್ರೋಟೀನ್ ಮೂರು ಗ್ರಾಮಿಗಿಂತ ಹೆಚ್ಚು ಇಳಿಯುತ್ತದೆ. ಸಾರು ನೀರಾದರೂ ಹೊಟ್ಟೆಗೆ ಗೊತ್ತಾಗುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಹೊಟ್ಟೆ ತುಂಬಿದ ಮೇಲೂ ಉಳಿಯುವ ಹಸಿವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ ಎಂಬುದನ್ನೂ ಹಲಗೆಯ ಮೂಲೆಯಲ್ಲಿ ಬರೆದಿಡಿ. ಶಾಲೆಯಲ್ಲಿ ಮೊಟ್ಟೆ ಕೊಡುವ ಕುರಿತ ಜಗಳ ಮುಂದೆ ಟಿ.ವಿ.ಯಲ್ಲಿ ಬಂದಾಗ ಮಕ್ಕಳ ಕೈಯಲ್ಲಿ ಒಂದು ಅಂಕಿಯಾದರೂ ಇರಲಿ.

ಖಾಸಗಿ ಶಾಲೆಯವರು ಟಿಫಿನ್ ಡಬ್ಬಿಗಳನ್ನು ಬಿಚ್ಚಿಸಿ ಹೋಲಿಕೆ ಮಾಡಿಸುವುದು ಬೇಡ. ಅವರೂ ಈ ನಾಲ್ಕು ಬಟ್ಟಲುಗಳಿಂದಲೇ ಶುರುಮಾಡಬಹುದು.

ಗೋದಾಮು ತುಂಬಿದ್ದ ವರ್ಷದ ಕಥೆ

ನಡುವೆ ಒಂದು ಪೀರಿಯಡ್ ಕಥೆಗಿರಲಿ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಜನ ಉಪವಾಸವಿದ್ದರು, ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಕೋರ್ಟು ಆ ವರ್ಷ ನವೆಂಬರ್ 28ರಂದು ಆದೇಶಿಸಿತು. 2002ರಲ್ಲಿ ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾಯಿತು. ಧಾನ್ಯ ಇದ್ದೂ ಜನ ಉಪವಾಸವಿದ್ದದ್ದು ಹೇಗೆ ಎಂಬ ಪ್ರಶ್ನೆ ಕೇಳಿ ಸುಮ್ಮನಿರಿ. ಉತ್ತರ ಹುಡುಕುವ ಕೆಲಸ ಮುಂದಿನ ಹಂತದ್ದು.

ನ್ಯಾಯಬೆಲೆ ಅಂಗಡಿಗೆ

ಪಡಿತರ ಕೊಡುವ ದಿನ ನೋಡಿ, ಅಂಗಡಿಯವರಿಗೆ ಮೊದಲೇ ಹೇಳಿ, ಮಕ್ಕಳನ್ನು ನಾಲ್ಕೈದು ಜನರ ಗುಂಪಾಗಿ ಕರೆದೊಯ್ಯಿರಿ. ಸಾಲಿನಲ್ಲಿ ನಿಂತವರ ಫೋಟೊ ತೆಗೆಯಬಾರದು. ಹೊರಗಿನ ಬೋರ್ಡಿನಲ್ಲಿ ದಾಸ್ತಾನು ಎಷ್ಟು, ಯಾವ ಕಾರ್ಡಿಗೆ ಎಷ್ಟು, ದೂರಿನ ಸಂಖ್ಯೆ ಯಾವುದು ಎಂದು ಬರೆದುಕೊಳ್ಳಲಿ. ಬೋರ್ಡೇ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಲಿ, ಅದೂ ಮಾಹಿತಿಯೇ.

ಅಂಗಡಿಯವರನ್ನು ಮೂರು ವಿಷಯ ಕೇಳಲಿ. ಅಜ್ಜಿಯ ಹೆಬ್ಬೆಟ್ಟಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಏನು ಮಾಡುತ್ತೀರಿ? ಕಾರ್ಡು ಯಾದಗಿರಿಯಲ್ಲಿದ್ದು ಕೆಲಸ ಬೆಂಗಳೂರಿನಲ್ಲಿದ್ದರೆ ಅಕ್ಕಿ ಇಲ್ಲಿ ಸಿಗುತ್ತದೆಯೇ? ಹುಟ್ಟಿದ ಮಗುವಿನ ಹೆಸರು ಕಾರ್ಡಿಗೆ ಸೇರಲು ಎಷ್ಟು ತಿಂಗಳು ಬೇಕು? ತುಂಬಿದ ಗೋದಾಮಿಗೂ ಖಾಲಿ ಪಾತ್ರೆಗೂ ನಡುವೆ ಇರುವುದು ಇಂಥ ಸಣ್ಣ ಸಣ್ಣ ತಡೆಗಳೇ.

ತರಗತಿಗೆ ಮರಳಿದ ಮೇಲೆ ಭಾಗಾಕಾರ. ಕೇಂದ್ರದ ಕಾಯ್ದೆಯಂತೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ ಸುಮಾರು 167 ಗ್ರಾಂ. ಮಕ್ಕಳು ಮೊನ್ನೆ ತೂಗಿದ ಬಟ್ಟಲನ್ನು ನೆನಪಿಸಿ: ಶಾಲೆಯ ಒಂದೇ ಹೊತ್ತಿಗೆ 150 ಗ್ರಾಂ! ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆ.ಜಿ., ತಲೆ ಎಷ್ಟಿದ್ದರೂ ಅಷ್ಟೇ. ನಾಲ್ವರ ಮನೆಗೆ, ಎಂಟು ಜನರ ಮನೆಗೆ ಭಾಗಿಸಿ ನೋಡಲಿ. ರಾಜ್ಯದ ಅನ್ನಭಾಗ್ಯ ಯೋಜನೆಯ ಪಾಲು ಕಾಲಕಾಲಕ್ಕೆ ಬದಲಾಗಿದೆ. 2023ರ ಜುಲೈನಿಂದ ಕೆಲಕಾಲ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಒಬ್ಬರಿಗೆ 170 ರೂಪಾಯಿ ಕೊಟ್ಟಿದ್ದರು. ನಿಮ್ಮೂರ ಕಿರಾಣಿ ಅಂಗಡಿಯಲ್ಲಿ ಆ ದುಡ್ಡಿಗೆ ಎಷ್ಟು ಅಕ್ಕಿ ಬರುತ್ತದೆ ಎಂದು ವಿಚಾರಿಸಿಕೊಂಡು ಬರುವುದು ಮನೆಗೆಲಸ.

ಅಡುಗೆಯಮ್ಮನ ಜೊತೆ ಅರ್ಧ ಗಂಟೆ

ಮುಖ್ಯ ಅಡುಗೆಯವರನ್ನು ತರಗತಿಗೆ ಕರೆದು ಕುರ್ಚಿ ಕೊಟ್ಟು ಕೂರಿಸಿ. ಬೆಳಿಗ್ಗೆ ಎಷ್ಟು ಗಂಟೆಗೆ ಒಲೆ ಹಚ್ಚುತ್ತೀರಿ, ಗೌರವಧನ ಎಷ್ಟು, ಯಾವ ತಿಂಗಳದ್ದು ಬಂದಿದೆ ಎಂದು ಮಕ್ಕಳೇ ಕೇಳಲಿ. ಅಡುಗೆಯವರ ಜಾತಿ ನೋಡಿ ಮಕ್ಕಳನ್ನು ಊಟದಿಂದ ತಡೆದ ಪ್ರಕರಣಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಆ ಮಾತು ಬಂದರೆ ಶಿಕ್ಷಕರು ವಿಷಯ ಬದಲಿಸಬಾರದು.

ಕೊನೆಗೆ ಅರ್ಜಿ

ಹಬ್ಬಕ್ಕೊಂದು ಅಕ್ಕಿ ಸಂಗ್ರಹ ಅಭಿಯಾನ ಮಾಡಿ ಫೋಟೊ ಹಾಕುವುದು ಸುಲಭ. ಮಾಡಬಾರದೆಂದಲ್ಲ, ಆದರೆ ಅದು ಈ ಪಾಠದ ಪರೀಕ್ಷೆಯಾಗದು. ಕಂಡದ್ದನ್ನು ಅಂಕಿಗಳ ಸಮೇತ ಒಂದು ಪುಟದಲ್ಲಿ ಬರೆಸಿ: ಏನು ಸಿಗಬೇಕು, ಏನು ಸಿಗುತ್ತಿದೆ, ಯಾವ ದಿನ ನೋಡಿದ್ದು, ಏನಾಗಬೇಕು. ಯಾವ ಮನೆಯ ಹೆಸರೂ ಬೇಡ. ಊಟದ ವಿಷಯವಾದರೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಗೆ ಕೊಡಿ. ಊಟ ಬಡಿಸುವ ಮೊದಲು ರುಚಿ ನೋಡುವವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು, ಊಟ ಸಿಗದ ದಿನಕ್ಕೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು ಎಂದು ಬಿಸಿಯೂಟದ 2015ರ ನಿಯಮಗಳೇ ಹೇಳುತ್ತವೆ. ಪಡಿತರದ ದೂರಿದ್ದರೆ 1967ಕ್ಕೆ ದೊಡ್ಡವರು ಕರೆ ಮಾಡಲಿ. ಉಳಿದದ್ದನ್ನು ಮಕ್ಕಳ ಗ್ರಾಮಸಭೆಯಲ್ಲಿ ಓದಿಸಿ, ಪಂಚಾಯಿತಿಯ ಪಿಡಿಒ ಅವರಿಂದ ಸ್ವೀಕೃತಿ ಪಡೆಯಿರಿ. ಅರ್ಜಿಯ ಒಂದು ಪ್ರತಿ ತರಗತಿಯ ಗೋಡೆಯ ಮೇಲಿರಲಿ, ಪಕ್ಕದಲ್ಲಿ ಉತ್ತರ ಅಂಟಿಸಲು ಅಷ್ಟೇ ಜಾಗ ಬಿಡಿ.