ಆ ಕಪ್ಪನ್ನು ಉಜ್ಜಬೇಡಿ

ಹಳೆಯ ಕತ್ತಿ ಕೈಗೆ ಸಿಕ್ಕ ಕೂಡಲೇ ಅದನ್ನು ತಿಕ್ಕಿ ಬೆಳ್ಳಗೆ ಮಾಡಬೇಕೆಂದು ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಭಾವನವರೂ ಓದಲಿ. 2019ರ ದಸರೆಯಲ್ಲಿ ನಮ್ಮ ನಡುವೆ ನಡೆದದ್ದನ್ನು ನೆಂಟರಿಷ್ಟರ ಮುಂದೆ ಅವರು ಹೇಳುವ ರೀತಿಯೇ ಬೇರೆ. ಆದದ್ದು ಏನೆಂದು ಒಮ್ಮೆ ಬರೆದಿಟ್ಟರೆ ನನ್ನ ಮನಸ್ಸಿಗೂ ಸಮಾಧಾನ.

ಪೂರ್ವ ನೇಪಾಳದ ಅರುಣ್ ಕಣಿವೆಯಲ್ಲಿ ಜಲವಿದ್ಯುತ್ ಕೆಲಸಕ್ಕಿದ್ದಾಗ ನನಗೆ ನೇಪಾಳಿಗಳ ಬಾಗು ಕತ್ತಿಯಾದ ಖುಕುರಿಯ ಹುಚ್ಚು ಹತ್ತಿತು. ನದಿಯಾಚೆ ಭೋಜಪುರ, ಈಚೆ ಚೈನಪುರ, ಕೆಳಗೆ ಧನಕುಟಾ, ಧರಾನ್. ಆ ಸೀಮೆಯಲ್ಲಿ ಕತ್ತಿಯಿಲ್ಲದ ಸೊಂಟವೇ ಅಪರೂಪ. ಕಠ್ಮಂಡುವಿನ ಥಮೇಲ್ ಅಂಗಡಿಗಳಲ್ಲಿ ಬೆಳ್ಳಿ ಕಟ್ಟಿದ ಕೋಥಿಮೋರಾ ಖುಕುರಿಗಳನ್ನು ನೋಡಿದ್ದೇನೆ, ಛಾವನಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ರಾಜರ ಆಯುಧಗಳ ಮುಂದೆ ಹೊತ್ತುಗಟ್ಟಲೆ ನಿಂತಿದ್ದೇನೆ. ಆದರೆ ಖುಕುರಿಯ ನಿಜವಾದ ವಿದ್ಯೆ ಇರುವುದು ರೈತನ ಮನೆಯಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಅಡುಗೆಮನೆಯ ಚುಲೇಸಿಯನ್ನೇ ನೋಡಿ. ಥೇಟ್ ನಮ್ಮ ಈಳಿಗೆಮಣೆ. ಕಾಲಲ್ಲಿ ಒತ್ತಿ ಹಿಡಿದು ತರಕಾರಿ ಹೆಚ್ಚುತ್ತಾರೆ. ಸಂಗ್ರಾಹಕರು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಸಂಗ್ರಹ ಎಂದರೆ ಕೊಂಡು ಮನೆಗೆ ತರುವುದು ಎಂದು ನಾನು ಎಂದೂ ತಿಳಿದಿಲ್ಲ. ನೂರು ವರ್ಷ ಮೀರಿದ ವಸ್ತುವನ್ನು ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ನೇಪಾಳದಿಂದ ಹೊರಗೆ ಒಯ್ಯುವಂತಿಲ್ಲ. 1956ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ಅಲ್ಲಿ ಈಗಲೂ ಜಾರಿಯಲ್ಲಿದೆ, ಇರಲೂಬೇಕು. 2003ರಲ್ಲಿ ಕಠ್ಮಂಡುವಿನ ಲಗನ್ ಸಿಲೇಖಾನಾ ಶಸ್ತ್ರಾಗಾರದಲ್ಲಿ ರಾಶಿ ಬಿದ್ದಿದ್ದ ಹಳೆಯ ಶಸ್ತ್ರಗಳನ್ನು ವಿದೇಶಿ ವ್ಯಾಪಾರಿಗಳು ಸಗಟಾಗಿ ಕೊಂಡು ಹೊರಟಾಗ ಎಷ್ಟೋ ಖುಕುರಿಗಳು ದೇಶ ಬಿಟ್ಟವು. ಬೆನ್ನ ಮೇಲೆ ಕೊರೆದ ದೇವನಾಗರಿ ಅಕ್ಷರಗಳು ಉಳಿದಿದ್ದರೆ ಅವು ಎಲ್ಲಿಯವು, ಯಾವ ಕಾಲದವು ಎಂದು ಇಂದಿಗೂ ಹೇಳಬಹುದು. ಅಕ್ಷರ ಹೋದರೆ ಅದು ಬರೀ ಕಬ್ಬಿಣ. ಹಾಗಾಗಿ ನಾನು ಕೊಳ್ಳುತ್ತಿರಲಿಲ್ಲ, ಕೇಳಿ ಪಡೆಯುತ್ತಿದ್ದೆ. ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ತೂಕ ಮಾಡಿ, ಬೆನ್ನಿನ ದಪ್ಪವನ್ನು ಮೂರು ಕಡೆ ಅಳೆದು, ಅಕ್ಷರಗಳ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹಿಂದಿರುಗಿಸುತ್ತಿದ್ದೆ.

ಹಾಗೆ ಬಂದದ್ದು ಬಾಜೆಯ ಖುಕುರಿ. ಬಾಜೆ ಎಂದರೆ ನಮ್ಮ ಬಾಡಿಗೆ ಮನೆಯ ಮೇಲಿನ ದಿಣ್ಣೆಯಲ್ಲಿದ್ದ ರಾಯಿ ಕುಟುಂಬದ ಹಿರಿಯರು. ಅಲಗು ಉದ್ದ, ಹೊಟ್ಟೆ ಸಣ್ಣದು, ಬೆನ್ನ ಕೆಳಗೆ ಎರಡು ಸೀಳು ಗೆರೆ. ಹಿಡಿ ಎಮ್ಮೆ ಕೊಂಬಿನದು, ತುದಿಯವರೆಗೂ ಸಣ್ಣಗೆ ಸವೆದಿತ್ತು. ಬೆನ್ನ ಮೇಲೆ ಅವರ ತಾತನ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ 1974 ಎಂಬ ಅಂಕಿ. ದೆಹಲಿಯಿಂದ ಬಂದಿದ್ದ ಸಂಗ್ರಾಹಕರೊಬ್ಬರು ಆ ಅಂಕಿ ನೋಡಿ, ಇದು ಮೊನ್ನೆ ಮೊನ್ನೆಯದು ಎಂದು ಪಕ್ಕಕ್ಕಿಟ್ಟುಬಿಟ್ಟರು. ಅದು ವಿಕ್ರಮ ಸಂವತ್. ಸುಮಾರು 57 ಕಳೆದರೆ 1917, ಮೊದಲ ಮಹಾಯುದ್ಧದ ಕಾಲ, ಚಂದ್ರ ಶಮ್ಶೇರರು ನೇಪಾಳವನ್ನು ಆಳುತ್ತಿದ್ದ ಕಾಲ. ನೇಪಾಳಿ ಕತ್ತಿಯ ಮೇಲಿನ ಇಸವಿ ಓದುವಾಗ ಮೊದಲು ಈ ಲೆಕ್ಕ ಮಾಡಿಕೊಳ್ಳಿ.

ಆ ಅಲಗಿನ ಮೇಲೆ ಒಂದು ಕಪ್ಪು ಇತ್ತು. ತುಕ್ಕಲ್ಲ. ನೂರು ವರ್ಷ ಎಣ್ಣೆ, ಹೊಗೆ, ಕೈ ತಾಗಿ ಉಕ್ಕಿನ ಮೇಲೆ ಕೂತ ಪದರ. ಅದರ ಅಡಿಯಲ್ಲಿ, ಬಾಯಿಯ ಉದ್ದಕ್ಕೂ ಕಿರುಬೆರಳಿನ ಅಗಲಕ್ಕೆ ಬೂದು ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ಕಮ್ಮಾರ ನೀರು ಕುಡಿಸಿದ ಗುರುತು ಅದು. ಖುಕುರಿಯನ್ನು ಪೂರ್ತಿ ನೀರಿಗೆ ಅದ್ದುವುದಿಲ್ಲ, ಬಾಯಿಗಷ್ಟೇ ನೀರು ಹೊಯ್ದು ಗಟ್ಟಿ ಮಾಡುತ್ತಾರೆ, ಬೆನ್ನು ಮೆತ್ತಗೇ ಉಳಿಯುತ್ತದೆ. ಅದರಿಂದಲೇ ಅದು ಮರ ಕಡಿದರೂ ಮುರಿಯುವುದಿಲ್ಲ.

2019ರ ದಸರೆಗೆ ಮನೆಯವಳೂ ಭಾವನವರೂ ಮೈಸೂರಿನಿಂದ ಬಂದಿದ್ದರು. ಕತ್ತಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ, ಯಾರೂ ಮುಟ್ಟಬೇಡಿ, ಪರರ ಸ್ವತ್ತು ಎಂದು ಹೇಳಿಯೂ ಇದ್ದೆ. ಷಷ್ಠಿಯ ದಿನ ನಾನು ಸುರಂಗದ ಪಾಳಿಯಲ್ಲಿದ್ದೆ. ಅಲ್ಲಿ ನವಮಿಗೆ ವಾಹನ, ಯಂತ್ರ, ಹತಾರಗಳಿಗೆ ಪೂಜೆ. ವರ್ಕ್‌ಶಾಪಿನಲ್ಲಿ ಎಲ್ಲವನ್ನೂ ತೊಳೆದು ಒರೆಸುತ್ತಿದ್ದರು. ಭಾವನವರು ತಂಗಿಯ ಕೈಯಿಂದ ಬೀಗದ ಕೈ ಇಸಿದುಕೊಂಡು ಖುಕುರಿಯನ್ನು ಅಲ್ಲಿಗೆ ಒಯ್ದರು. ಸಾಹೇಬರ ನೆಂಟರು ಹೇಳಿದ ಮೇಲೆ ಅಲ್ಲಿನ ಹುಡುಗ ಇಲ್ಲ ಎನ್ನುತ್ತಾನೆಯೇ? ಮೊದಲು ವೈರ್ ಬ್ರಷ್, ಆಮೇಲೆ ಆಂಗಲ್ ಗ್ರೈಂಡರ್, ಕೊನೆಗೆ ಬಫಿಂಗ್ ವೀಲ್.

ಸಂಜೆ ಒಳಗೆ ಕಾಲಿಟ್ಟಾಗ ಕತ್ತಿ ದೇವರ ಮುಂದಿತ್ತು. ದೀಪದ ಬೆಳಕಿನಲ್ಲಿ ಏನೋ ಹೊಸ ಸ್ಟೀಲ್ ತಟ್ಟೆ ಇಟ್ಟಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ ಸುಟ್ಟ ಅರಗಿನ ವಾಸನೆ. ಹಿಡಿಯನ್ನು ಅಲಗಿಗೆ ಕೂರಿಸುವುದು ಅರಗಿನಿಂದ. ಅದರ ವಾಸನೆ ಬರಬೇಕಾದರೆ ಉಕ್ಕು ಎಷ್ಟು ಕಾದಿರಬೇಕು ಎಂದು ಹೊಳೆದು ಎದೆ ಧಸಕ್ಕೆಂದಿತು. ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದೆ. ಕಪ್ಪು ಇಲ್ಲ. ಬೂದು ಪಟ್ಟಿ ಇಲ್ಲ. ಎರಡು ಸೀಳು ಗೆರೆಗಳ ಅಂಚು ಕರಗಿದಂತೆ ಮೊಂಡಾಗಿದೆ. ಹಿಡಿಯ ಬುಡದ ಕಚ್ಚಿನಲ್ಲಿ ಹಸಿರು ಬಫಿಂಗ್ ಸೋಪು ಮೆತ್ತಿಕೊಂಡಿದೆ. ಬೆನ್ನನ್ನು ಮೇಲೆ ಮಾಡಿ ಹೆಬ್ಬೆರಳು ಎಳೆದೆ. ಎಲ್ಲೂ ಏನೂ ತಡೆಯಲಿಲ್ಲ. ಏಳರ ಬಾಲವಿದ್ದ ಕಡೆ ಒಂದು ಸಣ್ಣ ತಗ್ಗು, ಅಷ್ಟೇ. ಬಾಯಿಯ ಕಡೆ ತಿರುಗಿಸಿದರೆ ಹೊಟ್ಟೆಯ ಭಾಗದಲ್ಲಿ ಹೆಬ್ಬೆರಳಗಲದ ನೀಲಿ. ನವಿಲಿನ ಕೊರಳ ನೀಲಿ.

“ಏನ್ ಭಾವ ಇದು?”

“ತುಕ್ಕು ಹಿಡಿದಿತ್ತು ಕಣಪ್ಪ, ಪೂಜೆಗೆ ಹಾಗೇ ಇಡೋಕಾಗುತ್ತಾ? ಈಗ ನೋಡು, ಮುಖ ನೋಡ್ಕೋಬಹುದು.”

ಭಾವನವರು ಸಾಮಾನ್ಯರಲ್ಲ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಸಾಣೆಯಲ್ಲಿ ಉಕ್ಕು ನೀಲಿಗೆ ತಿರುಗಿದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಇಳಿದಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು. ಕೈಕೆಳಗಿನ ಹುಡುಗರು ಹಾಗೆ ಮಾಡಿದರೆ ಟೂಲ್‌ರೂಮೇ ಹಾರುವಂತೆ ಕೂಗಾಡುತ್ತಿದ್ದವರು. ಅಂಥವರೇ ಹೀಗೆ ಮಾಡಿದರು ಎಂಬುದು ನನಗೆ ಇವತ್ತಿಗೂ ನುಂಗಲಾಗದ ಮಾತು. ಆವತ್ತು ಅವರ ಕಣ್ಣಿಗೆ ಅದು ಹತಾರ ಅನ್ನಿಸಲೇ ಇಲ್ಲ. “ಹಬ್ಬದ ದಿನ, ಬಿಡಿ” ಎಂದಳು ಮನೆಯವಳು. ನಾನು ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಫೂಲಪಾತಿ, ಎಂದರೆ ಸಪ್ತಮಿ. ದಿಣ್ಣೆ ಹತ್ತಿ ಹೋಗಿ ಕತ್ತಿಯನ್ನು ಬಾಜೆಯ ಎರಡೂ ಕೈಗಳ ಮೇಲಿಟ್ಟು ಆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಿತ್ತು. ಅಕ್ಷರ ಹುಡುಕಲೂ ಇಲ್ಲ. ಅಂಗಳದಲ್ಲಿದ್ದ ಒಣ ಬಿದಿರಿನ ಮೇಲೆ ಒಂದು ಏಟು ಹಾಕಿ, ಬಾಯಿಯನ್ನು ಬಿಸಿಲಿಗೆ ಹಿಡಿದರು. ನೀಲಿಯಿದ್ದ ಕಡೆ ಧಾರೆ ಮಡಚಿಕೊಂಡಿತ್ತು. “ನಾಳೆ ಅಷ್ಟಮಿಗೆ ಇದು ಬೇಕು” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು. ನಾನೂ ಹಿಂದೆಯೇ ನಡೆದೆ.

ಕಮ್ಮಾರನ ಕುಲುಮೆಯ ಮುಂದೆ ಅಷ್ಟಮಿಯ ಬಲಿಯ ಕತ್ತಿಗಳಿಗೆ ಧಾರೆ ಹಿಡಿಸಲು ಬಂದವರ ಸಾಲಿತ್ತು. ವಿಶ್ವಕರ್ಮ ಮುದುಕ ಹಿಡಿಯನ್ನು ಕೆಂಡದ ಮೇಲೆ ಸುಳಿದಾಡಿಸಿ, ಅರಗು ಮೆತ್ತಗಾದ ಕೂಡಲೇ ಅಲಗನ್ನು ಎಳೆದು ತೆಗೆದ. ತಿದಿ ಒತ್ತುತ್ತ ಅಲಗನ್ನು ಕೆಂಪಗೆ ಕಾಯಿಸಿದ. ಆಮೇಲೆ ಇಕ್ಕಳದಲ್ಲಿ ಬಾಯಿ ಮೇಲಾಗಿ ಹಿಡಿದು, ಚಹಾ ಕಾಸುವ ಕೆಟಲ್ಲಿನ ಸಣ್ಣ ಮೂತಿಯಿಂದ ನೀರು ಬಿಡತೊಡಗಿದ. ಹೊಟ್ಟೆಯ ಕಡೆಯಿಂದ ಶುರು. ಹಿಂದಕ್ಕೆ, ಮುಂದಕ್ಕೆ, ಬಾಯಿಯ ಮೇಲಷ್ಟೇ. ಬೆನ್ನಿಗೆ ಒಂದು ಹನಿ ಬೀಳಲಿಲ್ಲ. ಬಾಯಿ ಕಪ್ಪಾಯಿತು, ಬೆನ್ನು ಇನ್ನೂ ಕೆಂಪಗಿತ್ತು. ನೀರು ನಿಲ್ಲಿಸಿ ಕಾದ. ಬೆನ್ನಿನ ಬಿಸಿ ಮೆಲ್ಲಗೆ ಬಾಯಿಯ ಕಡೆ ಇಳಿದು ಬಂತು, ಅರದಿಂದ ತಿಕ್ಕಿದ್ದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿದ್ದಂತೆ ಮತ್ತೊಮ್ಮೆ ನೀರು. ಅರ ಹಾಕಿ ನೋಡಿದ, ಕಚ್ಚದೆ ಜಾರಿತು. ತಲೆಯಾಡಿಸಿದ.

ಕಮ್ಮಾರರದು ಅಲ್ಲಿ ಕೀಳೆಂದು ಎಣಿಸುವ ಜಾತಿ. ಈ ಕೈಚಳಕವಿರುವವನು ಚಹಾ ಕುಡಿದದ್ದು ಅಂಗಳದಾಚೆ ಕೂತು. ನೇಪಾಳದ 1963ರ ಕಾನೂನು ಸಂಹಿತೆ ಮುಲುಕಿ ಐನ್ ಜಾತಿಯ ಮೇಲುಕೀಳನ್ನು ಕಾನೂನಿನಿಂದ ತೆಗೆದುಹಾಕಿತು, ಮನೆಯ ಹೊಸ್ತಿಲಿಗೆ ಅದು ತಲುಪಿಲ್ಲ. ಖುಕುರಿಯ ಮೇಲಿನ ಪುಸ್ತಕಗಳಲ್ಲಿ ಗೋರ್ಖಾ ಯೋಧನ ಶೌರ್ಯಕ್ಕೆ ಸಿಗುವ ಜಾಗದಲ್ಲಿ ಕಾಲು ಭಾಗವಾದರೂ ಈ ಕಮ್ಮಾರರಿಗೆ ಸಿಗಬೇಕಿತ್ತು.

ಅಕ್ಷರದ ಮಾತು ಎತ್ತಿದವನು ಬಾಜೆಯ ಮಗ. ನನ್ನ ಚೀಲದಲ್ಲಿ ಪೆನ್ಸಿಲ್ ಅಚ್ಚಿನ ಕಾಗದವಿತ್ತು, ಕತ್ತಿ ಸಿಕ್ಕ ದಿನವೇ ತೆಗೆದದ್ದು. ಅದನ್ನು ಹರಡಿದಾಗ ಎಲ್ಲರೂ ಸುತ್ತ ಬಂದರು. ಹಾಗೇ ಮತ್ತೆ ಕೊರೆದುಬಿಡೋಣ ಎಂದ ಮಗ. ನಾನು ಒಪ್ಪಲಿಲ್ಲ. ಹೊಸದಾಗಿ ಕೊರೆದ ಹಳೆಯ ಇಸವಿ ಮುಂದೆ ನೋಡುವವನಿಗೆ ಸುಳ್ಳು ಹೇಳುತ್ತದೆ. ಇಂಥ ನಕಲಿ ಗುರುತುಗಳಿಂದಲೇ ಈ ವಿದ್ಯೆ ಹಾಳಾಗಿರುವುದು. ಕೊರೆಯುವುದಾದರೆ ಕೊರೆದ ವರ್ಷವೇ ಇರಲಿ ಎಂದೆ. ವಾದ ಬೆಳೆಯಿತು. ಕೊನೆಗೆ ಬಾಜೆ, ಎರಡೂ ಇರಲಿ ಎಂದರು. ಕಮ್ಮಾರ ಸಣ್ಣ ಚಾಣದಿಂದ ಆ ಅಕ್ಷರವನ್ನೂ 1974ನ್ನೂ ಕೊರೆದು, ಪಕ್ಕದಲ್ಲೇ 2076 ಎಂದು ಆ ವರ್ಷದ ಸಂವತ್ತನ್ನೂ ಹಾಕಿದ. ಕೊರೆದ ವರ್ಷವನ್ನೂ ಹಾಕಿಸಿದ್ದು ನನಗೆ ಹೆಮ್ಮೆಯೇ.

ನಮ್ಮ ಕಡೆಯ ಮನೆಗಳಲ್ಲೂ ಹಳೆಯ ಕತ್ತಿಗಳಿವೆ. ಕೊಡಗಿನಲ್ಲಿ ಕೈಲ್‌ಪೊಳ್ದ್‌ಗೆ ಪೀಚೆಕತ್ತಿ, ಒಡಿಕತ್ತಿ ಹೊರಗೆ ಬರುತ್ತವೆ, ಉಳಿದೆಡೆ ಆಯುಧಪೂಜೆಗೆ. ಪೂಜೆಗೆ ಮೊದಲು ಹಳೆಯ ಹತ್ತಿಬಟ್ಟೆಯಲ್ಲಿ ಒಂದೆರಡು ತೊಟ್ಟು ತೆಳು ಎಣ್ಣೆ ಹಾಕಿ ಒರೆಸಿದರೆ ಸಾಕು. ಉಪ್ಪು ಕಾಗದ, ಹುಣಸೆಹಣ್ಣು, ಗ್ರೈಂಡರ್ ಯಾವುದೂ ಬೇಡ. ಕೆಂಪಗೆ ಪುಡಿ ಉದುರುವ ತುಕ್ಕಿದ್ದರೆ ಆ ಜಾಗಕ್ಕಷ್ಟೇ ಎಣ್ಣೆ ಬಿಟ್ಟು, ಮರುದಿನ ಬಿದಿರಿನ ಕಡ್ಡಿಯಿಂದ ಕೆರೆಯಿರಿ. ಒರೆಯಿಂದ ಎಳೆಯುವಾಗ ಒರೆಯನ್ನು ಬೆನ್ನ ಕಡೆಯಿಂದ ಹಿಡಿಯಿರಿ. ಬಾಯಿಯ ಕಡೆ ಬೆರಳು ಸುತ್ತಿದರೆ, ಹಳೆಯ ಒರೆಯ ಹೊಲಿಗೆ ಬಿಟ್ಟು ಬೆರಳು ಹೋಗುತ್ತದೆ. ವರ್ಷವಿಡೀ ಚರ್ಮದ ಒರೆಯಲ್ಲೇ ಇಡಬೇಡಿ, ಚರ್ಮ ತೇವ ಹೀರುತ್ತದೆ. ನೀರಲ್ಲಿ ಕಲಸಿದ ಅರಿಸಿನ ಕುಂಕುಮವನ್ನು ಹಿಡಿಗೆ ಹಚ್ಚಿ, ಅಲಗಿಗೆ ಹಚ್ಚಲೇಬೇಕಿದ್ದರೆ ಮಂಗಳಾರತಿ ಮುಗಿದ ಕೂಡಲೇ ಒರೆಸಿ ಎಣ್ಣೆ ಸವರಿಡಿ.