ಆಕಾಶದಲ್ಲಿ ನಿಂತ ಪ್ರೊಪೆಲರ್ ಮತ್ತೆ ತಿರುಗುವುದು ಹೇಗೆ?

ಬೈಕಿನ ಬ್ಯಾಟರಿ ಕೈಕೊಟ್ಟರೆ ನಾವು ಇಳಿಜಾರಿನಲ್ಲಿ ತಳ್ಳಿ, ಗೇರ್ ಹಾಕಿ ಸ್ಟಾರ್ಟ್ ಮಾಡುತ್ತೇವೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತದೆ. ಹಾರುತ್ತಿರುವ ಸಣ್ಣ ವಿಮಾನದಲ್ಲಿಯೂ ಇದೇ ಉಪಾಯವಿದೆ. ಅಲ್ಲಿ ತಳ್ಳುವುದು ಗಾಳಿ.

ಎಂಜಿನ್ ನಿಂತರೂ ಪ್ರೊಪೆಲರ್ ಸಾಮಾನ್ಯವಾಗಿ ಕೂಡಲೇ ನಿಲ್ಲುವುದಿಲ್ಲ. ಉರುಸು, ಜಾತ್ರೆಗಳಲ್ಲಿ ಮಾರುವ ಗಿರಗಿಟ್ಲೆಯಂತೆ ಎದುರುಗಾಳಿಗೆ ತಿರುಗುತ್ತಿರುತ್ತದೆ. ಆಗ ಇಂಧನ ಮತ್ತು ಕಿಡಿ ಸರಿಯಾಗಿ ಸಿಕ್ಕರೆ ಎಂಜಿನ್ ಮತ್ತೆ ಹತ್ತಿಕೊಳ್ಳಬಹುದು. ವಿಮಾನದ ವೇಗ ತೀರಾ ಇಳಿದರೆ ಮಾತ್ರ ಪ್ರೊಪೆಲರ್ ಪೂರ್ತಿ ನಿಲ್ಲುತ್ತದೆ. ಸಿಲಿಂಡರಿನೊಳಗಿನ ಒತ್ತಡವನ್ನು ದಾಟಿಸಿ ಅದನ್ನು ಮತ್ತೆ ತಿರುಗಿಸಲು ಹೆಚ್ಚು ಬಲ ಬೇಕು.

ಸೆಸ್ನಾ 172ರಂಥ ವಿಮಾನದಲ್ಲಿ ಸ್ಟಾರ್ಟರ್ ಮೋಟಾರು ಇದೆ; ಕೀಲಿ ತಿರುಗಿಸಿದರಾಯಿತು. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ತರಬೇತಿ ವಿಮಾನಕ್ಕೆ ಸ್ಟಾರ್ಟರ್ ಇರಲಿಲ್ಲ. ನೆಲದ ಮೇಲೆ ಒಬ್ಬರು ಪ್ರೊಪೆಲರನ್ನು ಕೈಯಿಂದ ತಿರುಗಿಸಬೇಕಿತ್ತು. ಆಕಾಶದಲ್ಲಿ ಆ ಕೈ ಎಲ್ಲಿಂದ ಬರಬೇಕು? ಪೈಲಟ್ ಮೂತಿ ಕೆಳಗೆ ಮಾಡಿ ಧುಮುಕಿ ವೇಗ ಹೆಚ್ಚಿಸುತ್ತಾನೆ. ಗಾಳಿ ಪ್ರೊಪೆಲರನ್ನು ತಿರುಗಿಸುತ್ತದೆ. ಕಿಡಿ ಕೊಡುವ ಮ್ಯಾಗ್ನೆಟೊ ಎಂಜಿನ್ ತಿರುಗಿದರೇ ಕೆಲಸ ಮಾಡುತ್ತದೆ, ಬ್ಯಾಟರಿ ಬೇಡ.

ಇಲ್ಲಿ ಕಾಮರ್ಸ್ ವಿದ್ಯಾರ್ಥಿಯಾದ ನನಗೆ ನಮ್ಮದೇ ಪಾಠ ಕಂಡಿತು. ಎಂಜಿನ್ ಇಲ್ಲದ ವಿಮಾನಕ್ಕೆ ಎತ್ತರವೇ ಬಂಡವಾಳ. ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. ಗಾಳಿ ಶಾಂತವಾಗಿದ್ದರೆ 5,000 ಅಡಿಯಿಂದ ಸುಮಾರು 13.7 ಕಿ.ಮೀ. ಹೋಗಬಹುದು. ಧುಮುಕುವುದರಲ್ಲಿ 1,500 ಅಡಿ ಖರ್ಚಾದರೆ ಉಳಿಯುವುದು ಒಂಬತ್ತೂವರೆ ಕಿ.ಮೀ. ಅಷ್ಟರೊಳಗೆ ಬಯಲು ಸಿಗದಿದ್ದರೆ?

ಆದ್ದರಿಂದ ಪೈಲಟ್‌ಗಳಿಗೆ ಕಲಿಸುವ ಕ್ರಮ ಹೀಗಿದೆ:

1. ಮೊದಲು ಹೆಚ್ಚು ದೂರ ತೇಲುವ ವೇಗಕ್ಕೆ ವಿಮಾನವನ್ನು ತರುವುದು.
2. ಇಳಿಯಲು ಜಾಗ ಆರಿಸಿ ಅತ್ತ ತಿರುಗುವುದು.
3. ಇಂಧನದ ವಾಲ್ವ್, ಇಂಧನ-ಗಾಳಿ ಮಿಶ್ರಣ, ಮ್ಯಾಗ್ನೆಟೊ ಸ್ವಿಚ್ ಪರೀಕ್ಷಿಸುವುದು.
4. ಎತ್ತರ ಸಾಕಷ್ಟಿದ್ದರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸುವುದು.

ಟ್ಯಾಂಕ್ ಖಾಲಿಯಾಗಿದ್ದರೆ ಎಷ್ಟು ಧುಮುಕಿದರೂ ಪ್ರಯೋಜನವಿಲ್ಲ. ಎತ್ತರ ಕಡಿಮೆಯಿದ್ದರೆ ಎಂಜಿನ್ನನ್ನು ಮರೆತು ಇಳಿಯುವುದೇ ಸರಿ. "ಇಷ್ಟು ಕಳೆದಾಯಿತು, ಇನ್ನೊಮ್ಮೆ ನೋಡೋಣ" ಎಂಬ ಆಸೆ ಅಪಾಯಕಾರಿ. ಕಳೆದ ಎತ್ತರ, ಅರ್ಥಶಾಸ್ತ್ರದ ಸಂಕ್ ಕಾಸ್ಟ್‌ನಂತೆ, ಮರಳಿ ಬರುವುದಿಲ್ಲ. ಉಳಿದ ಎತ್ತರದಲ್ಲಿ ಜೀವ ಉಳಿಸಿಕೊಳ್ಳಬಹುದು.